ಮೂವರು ಮುಂದೆ ನಿಂತು ಹಾಡುವ ತಂಡ ಕಟ್ಟುವುದು ಹೇಗೆ

ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ನಮ್ಮಪ್ಪನ ರೇಡಿಯೋ ರಿಪೇರಿ ಅಂಗಡಿ ಇತ್ತು. 1989ರಲ್ಲಿ ದಾವಣಗೆರೆಗೆ ಎಂಜಿನಿಯರಿಂಗ್ ಓದಲು ಬಂದಿದ್ದ ಹೊರಗಿನ ಹುಡುಗನೊಬ್ಬ ಟೇಪ್ ರೆಕಾರ್ಡರ್ ತಂದುಕೊಟ್ಟ. ಒಳಗೆ ಕ್ಯಾಸೆಟ್ಟಿನ ರೀಲು ರೋಲರಿಗೆ ಸುತ್ತಿಕೊಂಡು ಉಂಡೆಯಾಗಿತ್ತು. ಅಪ್ಪ ಅದನ್ನು ಚಿಮಟದಲ್ಲಿ ಒಂದೊಂದೇ ಸುತ್ತು ಬಿಡಿಸಿ, ಸುಕ್ಕಾದ ಕಡೆ ಉಗುರಿನಿಂದ ಸವರಿ, ಹಲ್ಲುಗಾಲಿಗೆ ಪೆನ್ಸಿಲ್ ತೂರಿಸಿ ತಿರುವಿ ಸರಿಮಾಡಿದರು. ಹುಡುಗ ಬಂದು ಟೇಪ್ ರೆಕಾರ್ಡರ್ ಒಯ್ದ, ಕ್ಯಾಸೆಟ್ ಮರೆತ. ಮತ್ತೆ ಬರಲೇ ಇಲ್ಲ. ನಾನಾಗ ಪಿಯುಸಿ. ಆ ಕ್ಯಾಸೆಟ್ ನನ್ನ ಪಾಲಿಗೆ ಬಂತು.

ಮೇಲಿನ ಚೀಟಿ ಹರಿದುಹೋಗಿದ್ದರಿಂದ ಹಾಡಿದವರು ಯಾರೆಂದು ಗೊತ್ತಾಗಲಿಲ್ಲ. ಒಂದು ಹಾಡಿನಲ್ಲಿ ಎತ್ತರದ ದನಿ, ಎದೆ ಹಿಂಡುವಂಥದ್ದು. ಇನ್ನೊಂದರಲ್ಲಿ ಒರಟು ದನಿ, ಜಗಳಕ್ಕೆ ನಿಂತಂತೆ. ಮತ್ತೊಂದರಲ್ಲಿ ತಿಳಿಯಾದ, ಮಕ್ಕಳಿಗೆ ಹೇಳಿಕೊಡುವಂಥ ದನಿ. ಮೂರು ಬೇರೆ ಬೇರೆ ತಂಡದ ಹಾಡುಗಳನ್ನು ಒಟ್ಟು ಮಾಡಿ ತುಂಬಿದ ಕ್ಯಾಸೆಟ್ ಅಂತಲೇ ಏಳೆಂಟು ವರ್ಷ ನಂಬಿದ್ದೆ. ಆಮೇಲೆ ನಮ್ಮ ರಸಮಂಜರಿ ತಂಡಕ್ಕೆ ಕೀಬೋರ್ಡ್ ನುಡಿಸಲು ಬಂದವರೊಬ್ಬರು ಕೇಳಿ, "ಅಕ್ಕಾ, ಇವರೆಲ್ಲ ಒಂದೇ ತಂಡ. ತ್ರೀ ಡಾಗ್ ನೈಟ್ ಅಂತ. ಅಮೆರಿಕದೋರು" ಅಂದರು. ಅವತ್ತು ರಾತ್ರಿ ಇಡೀ ಕ್ಯಾಸೆಟ್ಟನ್ನು ಮೊದಲಿಂದ ಕೇಳಿದೆ. ಮುಂದೆ ಒಬ್ಬ ಹಾಡುವಾಗ ಉಳಿದ ಇಬ್ಬರು ಹಿಂದೆ ನಿಂತಿರುವುದು ಅವತ್ತು ನನಗೆ ಮೊದಲ ಸಲ ಕೇಳಿಸಿತು.

ನಾನು 22 ವರ್ಷ ರಸಮಂಜರಿಯಲ್ಲಿ ಹಾಡಿದವಳು. ಈಗ ಭಾನುವಾರ ಬೆಳಗ್ಗೆ ನಿಟುವಳ್ಳಿಯ ನಮ್ಮ ಮನೆಯ ಮಹಡಿ ಕೋಣೆಗೆ ಮೂವರು ಮಕ್ಕಳು ಬರುತ್ತಾರೆ. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಅವರಿಗೆ ಹೇಳಿಕೊಡುತ್ತಿರುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಂತ ಹಾಡು ಕಟ್ಟಲು ಬಾರದವರು, ಬೇರೆಯವರ ಹಾಡು ಹಾಡುವವರು ತಮ್ಮದೇ ಒಂದು ತಂಡ ಕಟ್ಟಬೇಕೆಂದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ವಿಷಯ. "ನೀವು ಬರೀ ಬೇರೆಯವರ ಹಾಡು ಹಾಡೋರು" ಅನ್ನುವ ಮಾತನ್ನು ನಾನು ಬಹಳ ಕೇಳಿದ್ದೇನೆ, ನೀವೂ ಕೇಳಿರುತ್ತೀರಿ. ತ್ರೀ ಡಾಗ್ ನೈಟ್ ಹೆಸರಾಗಿದ್ದೇ ಬೇರೆಯವರು ಬರೆದ ಹಾಡುಗಳಿಂದ. 1969ರಿಂದ 1975ರವರೆಗೆ ಅಮೆರಿಕದಲ್ಲಿ ವಾರವಾರವೂ ಜನಪ್ರಿಯ ಹಾಡುಗಳನ್ನು ಲೆಕ್ಕಹಾಕುವ ಬಿಲ್‌ಬೋರ್ಡ್ ಪಟ್ಟಿಯ ಮೊದಲ 40ರೊಳಗೆ ಅವರ 21 ಹಾಡುಗಳು ಸಾಲಾಗಿ ಬಂದವು. ಅದರಲ್ಲಿ ಮೂರು ಮೊದಲನೇ ಸ್ಥಾನಕ್ಕೆ ಹೋದವು.

ಆ ಹೆಸರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಚಳಿಯ ರಾತ್ರಿ ನಾಯಿಯನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಿದ್ದರಂತೆ, ತೀರಾ ಕೊರೆಯುವ ಚಳಿಯಿದ್ದರೆ ಮೂರು ನಾಯಿ ಬೇಕಾಗುತ್ತಿತ್ತಂತೆ. ಚಳ್ಳಕೆರೆ ಸೀಮೆಯ ಜಾತ್ರೆಗಳಲ್ಲಿ ಜನವರಿಯಲ್ಲಿ ಹಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಯಲು ಗಾಳಿ, ರಾತ್ರಿ ಎರಡು ಗಂಟೆ, ಸ್ಟೇಜಿನ ಹಿಂದೆ ನಾವು ಮೂವರು ಒಂದೇ ಕುರಿ ಕಂಬಳಿ ಹೊದ್ದು ಗಂಟಲು ಬೆಚ್ಚಗೆ ಇಟ್ಟುಕೊಳ್ಳುತ್ತಿದ್ದೆವು. ಹಿಂದಿನ ದನಿಗಳು ಮುಂದಿನ ದನಿಗೆ ಮಾಡಬೇಕಾದ ಕೆಲಸವೂ ಹೆಚ್ಚುಕಮ್ಮಿ ಅದೇ.

ಕಂಠ ಹುಡುಕುವುದು

ಮೊದಲ ತಪ್ಪು ಆಗುವುದು ಇಲ್ಲೇ. ಚೆನ್ನಾಗಿ ಹಾಡುವ ಮೂವರನ್ನು ಹುಡುಕುತ್ತೇವೆ. ಮೂವರೂ ಒಬ್ಬನೇ ಸಿನಿಮಾ ಗಾಯಕನನ್ನು ಕೇಳಿ ಬೆಳೆದವರು, ಮೂವರದೂ ಅದೇ ಗಮಕ, ಅದೇ ಉಸಿರು. ಅಂಥ ತಂಡದಲ್ಲಿ ಒಬ್ಬರು ಸಾಕು, ಉಳಿದಿಬ್ಬರು ಬರೀ ಸರದಿ ಕಾಯುತ್ತಾರೆ.

ತ್ರೀ ಡಾಗ್ ನೈಟ್‌ನ ಮೂವರನ್ನು ನೋಡಿ. ಡ್ಯಾನಿ ಹಟನ್, ಕೋರಿ ವೆಲ್ಸ್, ಚಕ್ ನೆಗ್ರಾನ್. ಹಟನ್ ಹುಟ್ಟಿದ್ದು ಐರ್ಲೆಂಡಿನಲ್ಲಿ. ವೆಲ್ಸ್ ಬಫಲೋ ಊರಿನವರು, ಅಮೆರಿಕದ ಕರಿಯರ ಸೋಲ್ ಸಂಗೀತ ಅವರ ಮೈಯಲ್ಲೇ ಇತ್ತು. ನೆಗ್ರಾನ್ ನ್ಯೂಯಾರ್ಕಿನ ಬ್ರಾಂಕ್ಸ್‌ನವರು, ಎತ್ತರದ ಸ್ಥಾಯಿಯಲ್ಲಿ ನೀರು ಕುಡಿದಷ್ಟು ಸಲೀಸು. 1967ರ ಹೊತ್ತಿಗೆ ಲಾಸ್ ಏಂಜಲೀಸಿನಲ್ಲಿ ಮೂವರೂ ಸೇರಿದರು. ಆಗ ಅವರು ಇಟ್ಟುಕೊಂಡಿದ್ದ ಹೆಸರು ರೆಡ್‌ವುಡ್. ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್ ಅವರ ಜೊತೆ ಧ್ವನಿಮುದ್ರಣಕ್ಕೂ ಕೂತಿದ್ದರು. ನನಗೆ ತುಂಬಾ ಹಿಡಿಸಿದ ಸಂಗತಿ ಅಂದರೆ, ಅವರು ಮೊದಲು ಮೂರು ಕಂಠ ಸೇರಿಸಿಕೊಂಡು ಆಮೇಲೆ ವಾದ್ಯದವರನ್ನು ಹುಡುಕಿದರು. ಗಿಟಾರಿಗೆ ಮೈಕಲ್ ಆಲ್ಸಪ್, ಬೇಸ್ ಗಿಟಾರಿಗೆ ಜೋ ಶರ್ಮಿ, ಕೀಬೋರ್ಡಿಗೆ ಜಿಮ್ಮಿ ಗ್ರೀನ್‌ಸ್ಪೂನ್, ಡ್ರಮ್ಸಿಗೆ ಫ್ಲಾಯ್ಡ್ ಸ್ನೀಡ್. ಒಟ್ಟು ಏಳು ಜನ. ನಮ್ಮಲ್ಲಿ ಉಲ್ಟಾ: ಕೀಬೋರ್ಡ್, ತಾಳದ ರಿದಂ ಪ್ಯಾಡ್, ಮೈಕ್ ಸೆಟ್ ಎಲ್ಲ ಹೊಂದಿಸಿದ ಮೇಲೆ "ಹಾಡೋಕೆ ಯಾರಾದ್ರೂ ಸಿಗ್ತಾರಾ" ಅಂತ ಫೋನ್ ಮಾಡುತ್ತೇವೆ.

ಪರೀಕ್ಷೆ ಹೀಗೆ ಮಾಡಿ. ಬಂದವರಿಗೆಲ್ಲ ಒಂದೇ ಸಾಲು ಕೊಟ್ಟು ಹಾಡಿಸಿ, ನೀವು ಪಕ್ಕದ ಕೋಣೆಗೆ ಹೋಗಿ. ನಾನು ಅಡುಗೆಮನೆಯಲ್ಲಿ ಒಗ್ಗರಣೆಗೆ ಇಟ್ಟುಕೊಂಡೇ ಕೇಳುತ್ತೇನೆ. ಹಾಡುತ್ತಿರುವುದು ಯಾರೆಂದು ಎರಡನೇ ಪದಕ್ಕೇ ಗೊತ್ತಾಗಬೇಕು. ಅನುಮಾನ ಬಂದರೆ ಆ ಇಬ್ಬರಲ್ಲಿ ಒಬ್ಬರನ್ನೇ ಇಟ್ಟುಕೊಳ್ಳಿ. ನಮ್ಮ ಮೂವರಲ್ಲಿ ಹುಡುಗಿಗೆ ಭಜನೆ ಮನೆಯ ಬಯಲು ದನಿ. ಹರಿಹರದಿಂದ ಬರುವ ಹುಡುಗನದು ತೆಳ್ಳಗೆ, ತಾರಸ್ಥಾಯಿಯ ಪಂಚಮಕ್ಕೆ ಹೋದರೂ ಒಡೆಯುವುದಿಲ್ಲ. ಮೂರನೆಯವನು ಹಮಾಲರ ಮನೆಯ ಹುಡುಗ, ಅವನ ಅಜ್ಜ ಕಂಪನಿ ನಾಟಕದಲ್ಲಿ ಪಾತ್ರ ಮಾಡಿದವರು. ಆ ದನಿಯಲ್ಲಿ ಮರಳಿನ ಒರಟಿದೆ. "ಅಕ್ಕಾ, ನನ್ನ ದನಿ ಸಿನಿಮಾ ಹಾಡಿಗೆ ಆಗಲ್ಲ" ಅಂತ ಅವನು ಮೊದಲ ದಿನವೇ ತಲೆ ತಗ್ಗಿಸಿದ್ದ. ನಾನು ಅವನಿಗೆ ವೆಲ್ಸ್ ಹಾಡಿದ್ದನ್ನು ಕೇಳಿಸಿದೆ. ಮುಗಿದ ಮೇಲೆ ಮತ್ತೊಮ್ಮೆ ಹಾಕಿ ಅಂದ.

ಹಾಡು ಯಾರದು

ತ್ರೀ ಡಾಗ್ ನೈಟ್‌ನ ಮೂರು ಮೊದಲನೇ ಸ್ಥಾನದ ಹಾಡುಗಳನ್ನು ತೆಗೆದುಕೊಳ್ಳಿ. 1970ರ "ಮಾಮಾ ಟೋಲ್ಡ್ ಮಿ" ಹಾಡಿನಲ್ಲಿ ಮುಂದೆ ನಿಂತದ್ದು ವೆಲ್ಸ್. 1971ರ "ಜಾಯ್ ಟು ದ ವರ್ಲ್ಡ್" ನೆಗ್ರಾನ್ ಅವರದು, ಆರು ವಾರ ಮೇಲಿನಿಂದ ಇಳಿಯಲಿಲ್ಲ. 1972ರ "ಬ್ಲ್ಯಾಕ್ ಅಂಡ್ ವೈಟ್" ಹಟನ್ ಅವರದು. ಮೂರು ವರ್ಷ, ಮೂರು ಹಾಡು, ಮೂರು ಬೇರೆ ಕಂಠ. ಇದನ್ನು ನಾನು ಕೋಣೆಯ ಗೋಡೆಗೆ ಬರೆದು ಅಂಟಿಸಿದ್ದೇನೆ. ಗೆದ್ದ ಹಾಡು ಹಾಡಿದವನಿಗೇ ಮುಂದಿನದನ್ನೂ ಕೊಡೋಣ ಅನ್ನುವ ಆಸೆ ಎಲ್ಲ ತಂಡಕ್ಕೂ ಬರುತ್ತದೆ. ಅವರಿಗೂ ಬಂದಿರಬೇಕು. ಆದರೂ ಹಾಡಿಗೆ ಯಾವ ಕಂಠ ಹೊಂದುತ್ತದೋ ಅದಕ್ಕೇ ಬಿಟ್ಟುಕೊಟ್ಟರು.

ನಾವು ಮಾಡುವುದು ಹೀಗೆ. ಹೊಸ ಹಾಡು ತಂದರೆ ಮೂವರೂ ಪಲ್ಲವಿ ಮತ್ತು ಒಂದು ಚರಣವನ್ನು ಒಬ್ಬೊಬ್ಬರೇ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾರೆ, ಅವರವರಿಗೆ ಹಿತವಾದ ಶ್ರುತಿಯಲ್ಲಿ. ಒಬ್ಬರು ಹಾರ್ಮೋನಿಯಂನ ಕರಿ ಒಂದನೇ ಮನೆಯ ಶ್ರುತಿಯಲ್ಲಿ, ಇನ್ನೊಬ್ಬರು ಬಿಳಿ ನಾಲ್ಕರಲ್ಲಿ ಹಾಡಿದರೂ ಪರವಾಗಿಲ್ಲ. ಒಂದು ವಾರ ಯಾರೂ ಏನೂ ಹೇಳಬಾರದು. ಮುಂದಿನ ಭಾನುವಾರ ಮೂರನ್ನೂ ಸಾಲಾಗಿ ಕೇಳುತ್ತೇವೆ. ತನ್ನದನ್ನು ಬಿಟ್ಟು ಉಳಿದೆರಡರಲ್ಲಿ ಒಂದನ್ನು ಪ್ರತಿಯೊಬ್ಬರೂ ಆರಿಸಬೇಕು. ಜಗಳ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಬೇರೆಯವರ ದನಿಯನ್ನು ಏಳು ದಿನ ತಲೆಯಲ್ಲಿ ಇಟ್ಟುಕೊಂಡು ಬಂದವರಿಗೆ ಉತ್ತರ ಗೊತ್ತಿರುತ್ತದೆ.

ಮುಂದೆ ನಿಂತವರ ಶ್ರುತಿಗೆ ಉಳಿದವರು ಬರಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಹಾಡು ಹುಡುಕುವುದು

ತ್ರೀ ಡಾಗ್ ನೈಟ್‌ನವರ ನಿಜವಾದ ಜಾಣತನ ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಎಲ್ಲರ ಬಾಯಲ್ಲಿದ್ದ ಹಾಡನ್ನು ಮತ್ತೆ ಹಾಡುವುದಕ್ಕಿಂತ, ಒಳ್ಳೆಯ ಹಾಡು ಬರೆದೂ ಹೊರಗೆ ಅಷ್ಟಾಗಿ ಕೇಳಿಸದವರ ಹತ್ತಿರ ಹೋಗುತ್ತಿದ್ದರು. ಹ್ಯಾರಿ ನಿಲ್ಸನ್, ರ‍್ಯಾಂಡಿ ನ್ಯೂಮನ್, ಲಾರಾ ನೈರೋ, ಹಾಯ್ಟ್ ಆಕ್ಸ್‌ಟನ್, ಪಾಲ್ ವಿಲಿಯಮ್ಸ್, ಲಿಯೋ ಸೇಯರ್. ಎಲ್ಟನ್ ಜಾನ್ ಹೆಸರು ಇನ್ನೂ ಅಮೆರಿಕದಲ್ಲಿ ದೊಡ್ಡದಾಗುವ ಮೊದಲೇ ಅವರ ಹಾಡನ್ನು ಇವರು ಹಾಡಿದ್ದರು. ಒಬ್ಬರ ಹಾಡು ಸೋಲ್, ಒಬ್ಬರದು ಅಮೆರಿಕದ ಹಳ್ಳಿಗಾಡಿನ ಕಂಟ್ರಿ, ಇನ್ನೊಂದು ನಾಟಕದ ರಂಗಗೀತೆ. "ಈಸಿ ಟು ಬಿ ಹಾರ್ಡ್" ಬಂದದ್ದು "ಹೇರ್" ಅನ್ನುವ ಸಂಗೀತ ನಾಟಕದಿಂದ. ಎಲ್ಲಿಂದ ತಂದರೂ ಆ ಮೂರು ಕಂಠದ ಮೂಲಕ ಹೊರಬಂದಾಗ ಅವರದಾಗುತ್ತಿತ್ತು.

"ಬ್ಲ್ಯಾಕ್ ಅಂಡ್ ವೈಟ್" ಹಾಡಿನ ದಾರಿ ಕೇಳಿ. ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ಶಾಲೆಗಳಲ್ಲಿ ಕರಿಯ ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಅದರಿಂದ ಹುಟ್ಟಿದ ಹಾಡು ಇದು, ಸಾಹಿತ್ಯ ಡೇವಿಡ್ ಆರ್ಕಿನ್, ಸಂಗೀತ ಅರ್ಲ್ ರಾಬಿನ್ಸನ್. ಅಮೆರಿಕದ ಗಾಯಕ ಪೀಟ್ ಸೀಗರ್ ಜನಪದದವರ ಹಾಗೆ ಹಾಡಿದರು. ಆಮೇಲೆ ಇಂಗ್ಲೆಂಡಿನಲ್ಲಿ ಗ್ರೇಹೌಂಡ್ ಅನ್ನುವ ತಂಡ ಅದನ್ನು ಜಮೈಕಾದ ರೆಗ್ಗೆ ಲಯಕ್ಕೆ ಹಾಕಿತು. ಆ ಬಳಿಕ ತ್ರೀ ಡಾಗ್ ನೈಟ್. 18 ವರ್ಷದಲ್ಲಿ ಒಂದೇ ಹಾಡು ಮೂರು ಲಯ ಕಂಡಿತು, ಮಾತಿನ ಅರ್ಥ ಮಾತ್ರ ಅಲುಗಲಿಲ್ಲ.

ನಮ್ಮ ಸೀಮೆಯಲ್ಲಿ ಇಂಥ ಹಾಡು ಎಲ್ಲಿ ಸಿಗುತ್ತವೆ? ದಾವಣಗೆರೆ ಕಂಪನಿ ನಾಟಕದ ಊರು. ರಂಗನಟಿ ಚಿಂದೋಡಿ ಲೀಲಾ ಅವರು, ಅವರ ಮನೆತನದ ಕೆ.ಬಿ.ಆರ್. ಕಂಪನಿ ಇಲ್ಲಿಯವರು. ಆ ಕಾಲದ ರಂಗಗೀತೆಗಳನ್ನು ಬಾಯಿಪಾಠ ಬಲ್ಲ ಹಾರ್ಮೋನಿಯಂ ಮಾಸ್ತರರು ಹಳೇ ಪೇಟೆಯಲ್ಲಿ, ಸುತ್ತಲ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಒಂದು ಮಧ್ಯಾಹ್ನ ಹೋಗಿ ಕೂರಿ. ಮೊದಲ ಗಂಟೆ ಊರಿನ ಸುದ್ದಿ ಮಾತಾಡುತ್ತಾರೆ, ಅವಸರ ಮಾಡಬೇಡಿ. ಎರಡನೇ ಚಹಾ ಬಂದ ಮೇಲೆ ತಿದಿ ಒತ್ತುತ್ತಾರೆ. ಮೊಬೈಲು ಕೆಳಗಿಟ್ಟು, ಕೇಳಿ, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಸೋಬಾನೆ ಪದ ಹೇಳುವ ಅಜ್ಜಿಯರ ಬಳಿಯೂ ಹಾಗೇ. ನಮ್ಮ ಮರಳು ದನಿಯ ಹುಡುಗನಿಗೆ ಸರಿಯಾದ ಹಾಡು ಸಿಕ್ಕಿದ್ದು ಅವನ ಅಜ್ಜನ ಬಾಯಿಂದಲೇ.

ಸ್ಟೇಜಿನಲ್ಲಿ ಬರೆದವರ ಹೆಸರು ಹೇಳಿಯೇ ಹಾಡು ಶುರು ಮಾಡಿ. ರಸಮಂಜರಿಗಳಲ್ಲಿ ಸಿನಿಮಾದ ಹೆಸರು, ಹೀರೋ ಹೆಸರು ಹೇಳುತ್ತೇವೆ, ಕವಿಯ ಹೆಸರು ಬಿಟ್ಟುಬಿಡುತ್ತೇವೆ. ನಾನೂ ಬಿಟ್ಟಿದ್ದೇನೆ, ಅದು ಈಗಲೂ ನೋಯಿಸುತ್ತದೆ. ಕಾನೂನಿನ ಮಾತು ಚುಟುಕಾಗಿ: ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ವಚನ, ದಾಸರ ಪದ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದ ಹಾಡಲು ಯಾರ ಅಪ್ಪಣೆಯೂ ಬೇಡ. ಆದರೆ ಹೊಸಬರು ಹಾಕಿದ ರಾಗಸಂಯೋಜನೆಗೆ ಬೇರೆ ಹಕ್ಕು ಇರುತ್ತದೆ, ಅದನ್ನು ವಿಚಾರಿಸಿಕೊಳ್ಳಿ. ಟಿಕೆಟ್ ಇಟ್ಟು ಮಾಡುವ ಕಾರ್ಯಕ್ರಮಕ್ಕೆ ಪರವಾನಗಿ ಯಾರು ಪಡೆಯುತ್ತಾರೆ ಅನ್ನುವುದನ್ನು ಸಂಘಟಕರ ಹತ್ತಿರ ಮೊದಲೇ ಬರೆಸಿಕೊಳ್ಳಿ.

ಮೂರು ದನಿ ಕೂಡಿಸುವುದು

ಇದೇ ಕಷ್ಟದ ಭಾಗ, ಇದಕ್ಕೇ ಹೆಚ್ಚು ಸಮಯ ಕೊಡಿ. ನಾವು ಭಜನೆಯಲ್ಲಿ ಬೆಳೆದವರು, ಹತ್ತು ಜನ ಸೇರಿದರೂ ಒಂದೇ ಸ್ವರ ಹಾಡುತ್ತೇವೆ. ಪಕ್ಕದವರು ಒಂದು ಸ್ವರ ಹಾಡುವಾಗ ನಾವು ಇನ್ನೊಂದರಲ್ಲಿ ನಿಲ್ಲುವುದು ಕಿವಿಗೆ ಅಭ್ಯಾಸವಿಲ್ಲ. ಕಾಲು ಜಾರಿದಂತೆ ಅವರ ಸ್ವರಕ್ಕೇ ಜಾರಿಬಿಡುತ್ತೇವೆ.

ಮೊದಲ ತಿಂಗಳು ಹಾಡೇ ಬೇಡ. ಮೊಬೈಲಿನ ತಂಬೂರಿ ಹಾಕಿ, ಮೂವರೂ ತ್ರಿಕೋನವಾಗಿ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ನೆಲದ ಮೇಲೆ ಕೂರಿ. ದಪ್ಪ ದನಿಯವರು ಷಡ್ಜ (ಸ) ಹಿಡಿಯಲಿ. ಬಾಯಿ ಮುಚ್ಚಿ ಬರೀ "ಮ್". ಅದು ಅಲುಗದೆ ನಿಂತ ಮೇಲೆ ಎರಡನೆಯವರು ಪಂಚಮ (ಪ) ಸೇರಿಸಲಿ. ಕೊನೆಗೆ ಮೂರನೆಯವರು ಗಾಂಧಾರ (ಗ). ಸ, ಪ ಸುಲಭ. ಗಾಂಧಾರದಲ್ಲಿ ಎಲ್ಲರೂ ಎಡವುತ್ತಾರೆ. ಅದಕ್ಕೆ ಒಂದು ಕಾರಣ ಹಾರ್ಮೋನಿಯಂ. ಹಾರ್ಮೋನಿಯಂ ಮತ್ತು ಕೀಬೋರ್ಡಿನ ಗಾಂಧಾರ, ತಂಬೂರಿಯ ಖರಜದ, ಅಂದರೆ ಕೆಳಗಿನ ಷಡ್ಜದ, ತಂತಿಯೊಳಗೆ ತಾನಾಗಿ ಕೇಳುವ ಗಾಂಧಾರಕ್ಕಿಂತ ಚೂರು ಮೇಲಿರುತ್ತದೆ. ಹಾರ್ಮೋನಿಯಂನಲ್ಲಿ ಪಕ್ಕಪಕ್ಕದ ಎರಡು ಮನೆಗಳ, ಅಂದರೆ ಕರಿ ಬಿಳಿ ಪಟ್ಟಿಗಳ, ನಡುವಿನ ಅಂತರವನ್ನು 100 ಪಾಲು ಮಾಡಿದರೆ ಸುಮಾರು 14 ಪಾಲಿನಷ್ಟು. ಆದ್ದರಿಂದ ಕಂಠಗಳನ್ನು ಕೂಡಿಸುವಾಗ ಕೀಬೋರ್ಡ್ ಮುಚ್ಚಿಡಿ, ತಂಬೂರಿಗೆ ಸೇರಿಸಿ.

ಸೇರಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ತಪ್ಪಿದ್ದಾಗ ದನಿಯಲ್ಲಿ ಅಲೆ ಅಲೆಯಾಗಿ ನಡುಕ ಕೇಳಿಸುತ್ತದೆ, ಹಳೇ ಫ್ಯಾನಿನ ಗುಂಯ್‌ಗುಟ್ಟುವ ಸದ್ದಿನಂತೆ. ಗಾಂಧಾರದವರು ನಿಧಾನ ಇಳಿಸುತ್ತಾ ಬಂದರೆ ನಡುಕ ತೆಳುವಾಗಿ, ಒಂದು ಕ್ಷಣದಲ್ಲಿ ನಿಂತುಹೋಗುತ್ತದೆ. ಆಗ ಕೋಣೆಯಲ್ಲಿ ಯಾರೂ ಹಾಡದ ನಾಲ್ಕನೇ ದನಿಯೊಂದು ಕೇಳಿಸುತ್ತದೆ. ನಮ್ಮ ಮಹಡಿಯಲ್ಲಿ ಅದು ಮೊದಲು ಕೇಳಿಸಿದ್ದು ಐದನೇ ಭಾನುವಾರ. ಹುಡುಗಿ ಹಾಡು ನಿಲ್ಲಿಸಿ ಹಿಂದೆ ತಿರುಗಿ ನೋಡಿದಳು, ಬಾಗಿಲಲ್ಲಿ ಯಾರೋ ಬಂದರು ಅಂತ. ಆ ಕ್ಷಣ ಬಂದ ಮೇಲೆ ಅವರಿಗೆ ಹೇಳಿಕೊಡುವ ಕೆಲಸ ಅರ್ಧ ಕಡಿಮೆಯಾಯಿತು, ಅದನ್ನೇ ಮತ್ತೆ ಕೇಳಬೇಕೆಂದು ಅವರೇ ಕಿವಿಗೊಡುತ್ತಾರೆ.

ಆಮೇಲೆ ಚಲಿಸುವ ಸ್ವರ. ಮೋಹನ ರಾಗದಿಂದ ಶುರು ಮಾಡಿ, ಹಿಂದೂಸ್ತಾನಿಯವರು ಭೂಪ್ ಅನ್ನಿ. ಸ ರಿ ಗ ಪ ದ, ಐದೇ ಸ್ವರ. ರಾಗದೊಳಗೇ ಒಂದು ಸ್ವರ ಬಿಟ್ಟು ಕೆಳಗಿನದನ್ನು ಹಿಡಿದರೆ ಎಲ್ಲೂ ಕರ್ಕಶವಾಗುವುದಿಲ್ಲ. ಮುಂದಿನವರು "ಗ ಗ ರಿ ಗ, ಪ ದ ಪ" ಹಾಡಿದರೆ ಹಿಂದಿನವರದು "ಸ ಸ ದ ಸ, ರಿ ಗ ರಿ". ಇಲ್ಲಿ ದ ಮಂದ್ರದ್ದು, ಅಂದರೆ ಕೆಳಗಿನ ಸ್ಥಾಯಿಯದು. ಎತ್ತರದ ದನಿಯವರಾದರೆ ಒಂದು ಬಿಟ್ಟು ಮೇಲಿನದನ್ನು ಹಿಡಿಯಲಿ: "ದ ದ ಪ ದ, ಸ ರಿ ಸ", ಸ ಮತ್ತು ರಿ ತಾರದ್ದು, ಮೇಲಿನ ಸ್ಥಾಯಿಯದು. ಈ ಎರಡು ಸಾಲು ನಿದ್ದೆಯಲ್ಲೂ ಬರುವಂತಾಗಲಿ. ತೋಡಿ, ಭೈರವಿಯಲ್ಲಿ ಹೀಗೆ ಕಣ್ಣು ಮುಚ್ಚಿ ಹೋಗಲು ಬರುವುದಿಲ್ಲ, ಅಲ್ಲಿ ಕೆಲವು ಸ್ವರ ಒಂದಕ್ಕೊಂದು ಉಜ್ಜುತ್ತವೆ. ಅಂಥ ಹಾಡಿನಲ್ಲಿ ಹಿಂದಿನವರು ಷಡ್ಜ, ಪಂಚಮದಲ್ಲಿ ನಿಂತು "ಊ" ಅಂದರೆ ಸಾಕು. ಗಮಕ ಮುಂದಿನವರಿಗೆ ಮಾತ್ರ. ಮೂವರೂ ಸ್ವರ ಅಲ್ಲಾಡಿಸಿದರೆ ಕಲಸಿಹೋಗುತ್ತದೆ.

ಜಾರುವವರಿಗೆ ಮದ್ದು: ಒಂದು ಕಿವಿಯನ್ನು ಅಂಗೈಯಿಂದ ಅರ್ಧ ಮುಚ್ಚಿಕೊಂಡು ಹಾಡಿ, ಸ್ವಂತ ದನಿ ಒಳಗೆ ಕೇಳಿಸುತ್ತದೆ. ಎರಡು ವಾರದ ಮೇಲೆ ಕೈ ತೆಗೆಯಿರಿ. ಹಿಂದಿನ ದನಿಯ ಸಾಲನ್ನು ಮೊದಲೇ ಬೇರೆ ಹಾಡಿನ ಹಾಗೆ ಒಂಟಿಯಾಗಿ ಕಲಿಯಬೇಕು. "ಅವರಿಗೆ ಸೇರಿಸಿಕೊಂಡು ಹೋಗ್ತೀನಿ" ಅನ್ನುವವರು ಮೂರು ವರ್ಷವಾದರೂ ಸೇರುವುದಿಲ್ಲ. ಪದದ ಕೊನೆಗಳನ್ನೂ ಗಮನಿಸಿ. "ಬಂತು" ಅನ್ನುವಲ್ಲಿ ಮೂವರ "ತು" ಮೂರು ಸಲ ಬಿದ್ದರೆ ಗುಂಪು ಗದ್ದಲದಂತೆ ಕೇಳುತ್ತದೆ. ಕೊನೆಯ ಅಕ್ಷರವನ್ನು ಒಬ್ಬರೇ ಉಚ್ಚರಿಸಲಿ, ಉಳಿದವರು ಸ್ವರದಲ್ಲೇ ಕರಗಲಿ.

ಎಲ್ಲಿ ಸೇರಬೇಕು ಅನ್ನುವುದಕ್ಕಿಂತ ಎಲ್ಲಿ ಸುಮ್ಮನಿರಬೇಕು ಅನ್ನುವುದನ್ನು ತ್ರೀ ಡಾಗ್ ನೈಟ್‌ನ "ಒನ್" ಹಾಡಿನಿಂದ ಕಲಿಯಿರಿ. 1969ರದು, ಪಟ್ಟಿಯಲ್ಲಿ ಐದನೇ ಸ್ಥಾನದವರೆಗೆ ಹೋಯಿತು. ಬರೆದವರು ನಿಲ್ಸನ್. ಯಾರಿಗೋ ಫೋನ್ ಮಾಡಿದಾಗ ಎಂಗೇಜ್ ಸದ್ದು ಕೇಳಿ, ರಿಸೀವರ್ ಇಡದೆ ಆ ಕುಟುಕುವ ಸ್ವರದ ಮೇಲೆಯೇ ಹಾಡು ಕಟ್ಟಿದರಂತೆ. ಕೀಬೋರ್ಡಿನಲ್ಲಿ ಆ ಕುಟುಕು ಶುರುವಾಗುತ್ತದೆ, ನೆಗ್ರಾನ್ ಒಂಟಿಯಾಗಿ ಬರುತ್ತಾರೆ. ಒಂಟಿತನದ ಹಾಡಿಗೆ ಒಂಟಿ ಕಂಠ. ಉಳಿದ ದನಿಗಳು ಸೇರಿ ದೊಡ್ಡದಾಗುವುದು ಆಮೇಲೆ. ಗಡಿಯಾರ ಹಿಡಿದು ಕೇಳಿ, ಹಿಂದಿನವರು ಎಷ್ಟು ಹೊತ್ತು ಕಾಯುತ್ತಾರೆ ಅಂತ. ಇದಕ್ಕೆ ವಿರುದ್ಧ "ಜಾಯ್ ಟು ದ ವರ್ಲ್ಡ್". ಕಪ್ಪೆಯೊಂದರ ಗೆಳೆತನದಿಂದ ಶುರುವಾಗುವ ಹಾಡು ಅದು, ಮಕ್ಕಳ ಪದ್ಯದಂತೆ. ಅದರಲ್ಲಿ ವಾದ್ಯದವರೂ ಸೇರಿ ಏಳೂ ಜನ ಬಾಯಿ ತೆರೆದರು. ಹಾಡು ಕೇಳಿದ್ದು ಅದನ್ನೇ.

ಮೈಕ್ ಮುಂದೆ

ಸೌಂಡ್ ಸಿಸ್ಟಂನವರಿಗೆ ಮೊದಲ ಮಾತು, "ಅಣ್ಣಾ, ಎಕೋ ಪೂರ್ತಿ ತೆಗೀರಿ". ನಮ್ಮ ಕಡೆ ಎಕೋ ಇಲ್ಲದಿದ್ದರೆ ಹಾಡೇ ಅಲ್ಲ ಅನ್ನುವ ನಂಬಿಕೆ ಇದೆ. ಒಂಟಿ ದನಿಗೆ ಅದು ನಡೆಯುತ್ತದೆ. ಮೂರು ಸ್ವರ ಕೂಡಿದಾಗ ಹಿಂದಿನ ಸ್ವರದ ಬಾಲ ಮುಂದಿನ ಸ್ವರದ ಮೇಲೆ ಬಿದ್ದು ತಿಂಗಳುಗಟ್ಟಲೆಯ ಕೆಲಸ ಕೆಸರಾಗುತ್ತದೆ. ವಿನಯದಿಂದ ಹೇಳಿ, ಹೇಳಿದ ಮೇಲೆ ಮತ್ತೊಮ್ಮೆ ಹೋಗಿ ನೋಡಿ.

ಹಿಂದಿನ ಇಬ್ಬರಿಗೆ ಒಂದೇ ಮೈಕ್ ಕೊಡಿ, ಒಂದು ಗೇಣು ದೂರ. ಮುಂದಿನವರು ನಾಲ್ಕು ಬೆರಳು ದೂರ. ಒಂದೇ ಮೈಕಿಗೆ ಹಾಡುವ ಇಬ್ಬರು ತಮ್ಮ ದನಿಯ ತೂಕವನ್ನು ತಾವೇ ಹೊಂದಿಸಿಕೊಳ್ಳುತ್ತಾರೆ, ಸೌಂಡಿನವರ ಕೈ ಕಾಯಬೇಕಿಲ್ಲ. ಹಾಡುವವರ ಕಡೆಗೆ ತಿರುಗಿಸಿದ ಒಂದು ಸ್ಪೀಕರ್ ಬಾಕ್ಸ್ ಇರಲೇಬೇಕು. ಅದಿಲ್ಲದೆ ಸ್ಟೇಜ್ ಹತ್ತಬೇಡಿ.

ಮೊದಲ ಕಾರ್ಯಕ್ರಮಕ್ಕೆ ಗಣಪತಿ ಪೆಂಡಾಲ್ ಒಳ್ಳೆಯದು. ಜನ ನಿಂತು, ಕೇಳಿ, ಹೋಗುತ್ತಿರುತ್ತಾರೆ, ಒತ್ತಡವಿಲ್ಲ. ಐದು ಹಾಡು, 25 ನಿಮಿಷ. ಸರದಿಯಲ್ಲಿ ಮೂವರೂ ಮುಂದೆ ಬರಬೇಕು, ಕೊನೆಯದು ಎಲ್ಲರೂ ಹಾಡುವಂಥದ್ದಿರಲಿ. ಹಾಡುವ ಮೊದಲು ಮೆಣಸಿನಕಾಯಿ ಮಂಡಕ್ಕಿ ಬೇಡ, ಕಡಲೆಹಿಟ್ಟು ಎಣ್ಣೆ ಎರಡೂ ಗಂಟಲಿಗೆ ಕೂರುತ್ತವೆ. ಮುಗಿದ ಮೇಲೆ ಎಷ್ಟಾದರೂ ತಿನ್ನಿ.

ತಂಡ ಒಡೆಯದಂತೆ

ತ್ರೀ ಡಾಗ್ ನೈಟ್ ಒಡೆದದ್ದು ಒಂದೇ ದಿನದಲ್ಲಿ ಅಲ್ಲ. 1973ರಲ್ಲಿ ಬೇಸ್ ಗಿಟಾರಿನ ಶರ್ಮಿ ಹೋದರು. 1974ರಲ್ಲಿ ಆಲ್ಸಪ್, ಸ್ನೀಡ್. ಆಮೇಲೆ ಹಟನ್. 1976ಕ್ಕೆ ತಂಡವೇ ನಿಂತಿತು. 1981ರಲ್ಲಿ ಮತ್ತೆ ಸೇರಿದರು, ಆದರೆ ನೆಗ್ರಾನ್ ಹೆರಾಯಿನ್ ಚಟದಿಂದ ಹೊರಬರಲಾಗದೆ ಕೆಲ ವರ್ಷದಲ್ಲಿ ತಂಡದಿಂದ ದೂರವಾದರು. 1991ರಲ್ಲಿ ಚಟ ಬಿಟ್ಟು, ಒಂಟಿಯಾಗಿ ಹಾಡತೊಡಗಿದರು. ಮೂವರೂ ಮತ್ತೆ ಒಂದೇ ತಂಡದಲ್ಲಿ ನಿಲ್ಲಲೇ ಇಲ್ಲ. 2015ರ ಮಾರ್ಚಿನಲ್ಲಿ ಗ್ರೀನ್‌ಸ್ಪೂನ್, ಅಕ್ಟೋಬರಿನಲ್ಲಿ ವೆಲ್ಸ್ ತೀರಿಕೊಂಡರು. ವೆಲ್ಸ್ ಸುದ್ದಿ ಓದಿದ ದಿನ ನಾನು ಮಂಡಿಪೇಟೆಯ ಆ ಗಲ್ಲಿಯಲ್ಲಿ ಸುಮ್ಮನೆ ಒಂದು ಸುತ್ತು ಹೋಗಿ ಬಂದೆ. ಅಪ್ಪನ ಅಂಗಡಿಯ ಜಾಗದಲ್ಲಿ ಈಗ ಚೀಲದ ವ್ಯಾಪಾರ.

ನಾನು ಹಾಡುತ್ತಿದ್ದ ತಂಡವೂ ಒಡೆಯಿತು. ಹೊಸದುರ್ಗದ ಕಡೆ ಕಾರ್ಯಕ್ರಮ ಮುಗಿಸಿ ಬರುವಾಗ, ಟೆಂಪೋದಲ್ಲಿ. ಸಂಭಾವನೆ ಎಷ್ಟು ಬಂತು ಅಂತ ಪ್ಯಾಡ್ ನುಡಿಸುವವರು ಕೇಳಿದರು. ಅಡ್ವಾನ್ಸ್ ಪಡೆದವರು ಉತ್ತರ ಹೇಳಲಿಲ್ಲ. ಅದಕ್ಕೂ ಮೊದಲು ಎರಡು ವರ್ಷದಿಂದ ಕೊನೆಯ ಹಾಡು ಯಾವಾಗಲೂ ಒಬ್ಬರಿಗೇ ಹೋಗುತ್ತಿತ್ತು, ಆ ಸಿಟ್ಟೂ ಸೇರಿಕೊಂಡಿತು. ಬೆಳಗಿನ ನಾಲ್ಕು ಗಂಟೆಗೆ ಆನಗೋಡಿನ ಹತ್ತಿರ ಗಾಡಿ ನಿಲ್ಲಿಸಿ ಇಬ್ಬರು ಇಳಿದು ನಡೆದುಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ತಡೆಯಲಿಲ್ಲ. ತಡೆಯಬೇಕಿತ್ತು.

ಅದಕ್ಕೇ ನಮ್ಮ ಮಕ್ಕಳಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ. ಅಡ್ವಾನ್ಸ್ ಎಷ್ಟು, ಗಾಡಿ ಬಾಡಿಗೆ ಎಷ್ಟು, ಯಾರಿಗೆ ಎಷ್ಟು ಅಂತ ಅವತ್ತೇ, ಎಲ್ಲರ ಮುಂದೆ ಬರೆಯಬೇಕು. ವಾದ್ಯದವರ ಪಾಲು ಹಾಡುವವರಷ್ಟೇ. ಕೊನೆಯ ಹಾಡು ಸರದಿಯಲ್ಲಿ. ಕುಡಿದು ಬಂದವರಿಗೆ ಅವತ್ತು ಮೈಕ್ ಇಲ್ಲ, ಎಷ್ಟೇ ಒಳ್ಳೆಯ ಕಂಠ ಇರಲಿ. ಯಾರಾದರೂ ಮೂರು ಭಾನುವಾರ ಬರದಿದ್ದರೆ ಉಳಿದಿಬ್ಬರೂ ಅವರ ಮನೆಗೇ ಹೋಗಬೇಕು, ಫೋನ್ ಮಾಡಿದರೆ ಸಾಲದು. ಹೋದ ತಿಂಗಳು ಹರಿಹರದ ಹುಡುಗ ಹೀಗೆ ತಪ್ಪಿಸಿಕೊಂಡಾಗ ಇಬ್ಬರೂ ಬಸ್ಸು ಹತ್ತಿ ಹೋಗಿದ್ದರು. ಅವನ ತಾಯಿಗೆ ಹುಷಾರಿರಲಿಲ್ಲ. ಅಲ್ಲೇ ಮೂವರೂ ಕೂತು ಮೋಹನದ ಆ ಎರಡು ಸಾಲು ಹೇಳಿ ಬಂದರಂತೆ, ಅವರಮ್ಮ ಮಂಚದ ಮೇಲಿಂದ ತಾಳ ಹಾಕಿದರಂತೆ.

ಈಗ ನಮ್ಮ ಕೈಯಲ್ಲಿ ಶರೀಫರ ಒಂದು ತತ್ವಪದ ಇದೆ. ಹಳೇ ಧಾಟಿಯಲ್ಲೇ ಇಟ್ಟು, ಲಯ ಮಾತ್ರ ಆರು ಮಾತ್ರೆಯ ದಾದರಾದಿಂದ ಎಂಟು ಮಾತ್ರೆಯ ಕೆಹರವಾಕ್ಕೆ ತಂದು ನೋಡುತ್ತಿದ್ದೇವೆ. ಎರಡನೇ ಚರಣದಲ್ಲಿ ಮಾತು ಉಸಿರಿಗೆ ಸಿಗದೆ ಎಡವುತ್ತಿದೆ, ಅಲ್ಲಿ ತಾಳ ನಿಲ್ಲಿಸಿ ಬರೀ ಕಂಠದಲ್ಲಿ ದಾಟಿಸೋಣ ಅಂತ ಹುಡುಗಿ ಹೇಳಿದ್ದಾಳೆ. ಮೂರೂ ರೆಕಾರ್ಡಿಂಗ್ ಬುಧವಾರವೇ ಬಂದವು. ಭಾನುವಾರ ಹತ್ತು ಗಂಟೆಗೆ ಕೂತು ಕೇಳುತ್ತೇವೆ, ಯಾರು ಮುಂದೆ ಅಂತ ಆಗ ಗೊತ್ತಾಗುತ್ತದೆ.